ಮಗಳಿಗೊಂದು ಪತ್ರ: ಗ್ರೆಗರಿ, ಕ್ಯಾಚ್ ವೆರಿಟಿ, ಬೌಲ್ಡ್ ಫಾರ್ನ್ಸ್, 80

ಪುಟ್ಟೀ,

ಅಸ್ಸಾಂನ ಜೋರ್ಹಾಟ್ ಏರ್‌ಫೋರ್ಸ್ ಸ್ಟೇಷನ್ ತಲುಪಿದೀನಿ ಅಂತ ಅಮ್ಮಂಗೆ ಮೆಸೇಜ್ ಹಾಕಿದ್ದು ನೋಡ್ದೆ. ನಂಗೆ ಹಾಕಿಲ್ಲ. ಇರ್ಲಿ ಬಿಡು, ಕೋಪ ಇದೆ ಅಂತ ಗೊತ್ತು. ಹೊರಡೋ ಹಿಂದಿನ ರಾತ್ರಿ ಊಟಕ್ಕೆ ಕೂತಾಗ ನಾನು ಆಸ್ಟ್ರೇಲಿಯಾದ ಹಳೇ ಕ್ರಿಕೆಟಿಗ ರಾಸ್ ಗ್ರೆಗರಿ ವಿಷ್ಯ ತೆಗ್ದೆ, ನೀನು "ಅಪ್ಪ, ಪೋಸ್ಟಿಂಗ್ ಬಂದಾಗ್ಲೂ ನಿಮಗೆ ಸತ್ತೋರ ಕಥೆನೇ ನೆನಪಾಗೋದಾ" ಅಂತ ತಟ್ಟೆ ಬಿಟ್ಟು ಎದ್ದು ಹೋದೆ. ಅಮ್ಮ ನನ್ನನ್ನ ಗುರಾಯಿಸಿದ್ಲು. ಬೆಳಿಗ್ಗೆ ಏರ್‌ಪೋರ್ಟಲ್ಲೂ ಇಬ್ರೂ ಅದರ ಬಗ್ಗೆ ಏನೂ ಮಾತಾಡ್ಲಿಲ್ಲ. ಬೇಜಾರಾಗಿದ್ರೆ ಕ್ಷಮಿಸು ಮಗಾ. ಆದ್ರೆ ಆ ಕಥೆ ನಾನು ಮುಗಿಸ್ಲೇಬೇಕು. ಅರ್ಧ ಕೇಳಿದ್ರೆ ಅದು ಸಾವಿನ ಕಥೆ ಥರಾನೇ ಕೇಳ್ಸತ್ತೆ, ಪೂರ್ತಿ ಕೇಳಿದ್ರೆ ಬೇರೆ. ಫೋನಲ್ಲಾದ್ರೆ ಮಧ್ಯದಲ್ಲೇ ನಿಲ್ಲಿಸ್ಬಿಡ್ತೀಯ, ಅದಕ್ಕೇ ಬರೀತಿದೀನಿ. ನಿಧಾನಕ್ಕೆ ಓದು, ಒಂದೇ ಸಲ ಓದ್ಬೇಕು ಅಂತೇನಿಲ್ಲ.

ನಿನ್ನ ಕ್ರಿಕೆಟ್ ವಿಷ್ಯ ಇಲ್ಲಿ ತೆಗೆಯಲ್ಲ. ಅಂಡರ್-19, ಸೆಲೆಕ್ಷನ್, ಆ ಮೊಣಕಾಲು, ಆಮೇಲೆ ಏರ್‌ಫೋರ್ಸ್ ಪರೀಕ್ಷೆ ಎಎಫ್‌ಕ್ಯಾಟ್, ಮೈಸೂರಲ್ಲಿ ಇಂಟರ್‌ವ್ಯೂ, ದುಂಡಿಗಲ್, ಯಲಹಂಕದಲ್ಲಿ ಟ್ರೈನಿಂಗ್, ಎಲ್ಲ ನಿಂಗೂ ಗೊತ್ತು ನಂಗೂ ಗೊತ್ತು. ನಾನು ಹೇಳ್ಬೇಕಾಗಿರೋದು ಗ್ರೆಗರಿ ಬಗ್ಗೆ.

ರಾಸ್ ಗ್ರೆಗರಿ 1916ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಹುಟ್ದೋನು. ಮೆಲ್ಬರ್ನ್‌ನ ವೆಸ್ಲಿ ಕಾಲೇಜಲ್ಲಿ ಓದಿದ್ದು, ಅಲ್ಲಿ ಇನ್ನೂ ಸ್ಕೂಲ್ ಹುಡುಗ ಆಗಿರುವಾಗ್ಲೇ ವಿಕ್ಟೋರಿಯಾ ಪರ ಫಸ್ಟ್ ಕ್ಲಾಸ್ ಆಡ್ದ. ಬ್ಯಾಟ್ಸ್‌ಮನ್, ಜೊತೆಗೆ ಲೆಗ್‌ಬ್ರೇಕ್ ಹಾಕ್ತಿದ್ದ. ಅವನು ಆಡಿದ್ದು ಬರೀ ಎರಡು ಟೆಸ್ಟ್, ಮೂರೇ ಇನಿಂಗ್ಸ್: 23, 50, 80. ಆವರೇಜು 51. ಇದಿಷ್ಟೇ ಗೊತ್ತಿದ್ರೆ ಯಾವುದೋ ಹಳೇ ಸ್ಕೋರ್ ಬುಕ್ಕಿನ ಒಂದು ಸಾಲು ಅಂತ ದಾಟಿ ಹೋಗ್ಬಿಡ್ತೀವಿ. ಆದ್ರೆ ಯಾವ ಸೀರೀಸಲ್ಲಿ ಅಂತ ನೋಡು. 1936-37, ಇಂಗ್ಲೆಂಡ್ ಟೀಮು ಆಸ್ಟ್ರೇಲಿಯಾಗೆ ಬಂದಿತ್ತು, ಬ್ರಾಡ್ಮನ್‌ಗೆ ಕ್ಯಾಪ್ಟನ್ ಆಗಿ ಮೊದಲ್ನೇ ಸೀರೀಸು, ಮೊದಲ್ನೇ ಎರಡು ಟೆಸ್ಟೂ ಸೋತು ಕೂತಿದ್ರು. ಮೂರನೇದು ಗೆದ್ರು. ನಾಲ್ಕನೇದು ಅಡಿಲೇಡಲ್ಲಿ, ಅಲ್ಲಿಗೆ ಈ ಹುಡುಗ ಬಂದ, ಇನ್ನೂ 21 ತುಂಬಿಲ್ಲ. ಎರಡನೇ ಇನಿಂಗ್ಸಲ್ಲಿ ಬ್ರಾಡ್ಮನ್ 212 ಹೊಡೆದ್ರು, ಅದು ಎಲ್ರಿಗೂ ಗೊತ್ತಿರತ್ತೆ. ಅದೇ ಇನಿಂಗ್ಸಲ್ಲಿ ಗ್ರೆಗರಿ ಅವ್ರ ಜೊತೆ ನಿಂತ್ಕೊಂಡು ಐದನೇ ವಿಕೆಟ್‌ಗೆ 135 ಸೇರಿಸ್ದ, ಅದನ್ನ ಯಾರೂ ಹೇಳಲ್ಲ. ಬ್ರಾಡ್ಮನ್ ಜೊತೆ ಬ್ಯಾಟ್ ಮಾಡೋದು ಅಂದ್ರೆ ಒಂದು ರನ್ ತಗೊಂಡು ಸ್ಟ್ರೈಕ್ ಕೊಟ್ಟು ಸುಮ್ನೆ ನಿಂತ್ಕೊಳೋದು ಅಂತ ಜನ ಅನ್ಕೋತಾರೆ. ಹಂಗಲ್ಲ ಅದು. ಸೀರೀಸ್ ಕೈ ತಪ್ಪೋ ಸ್ಥಿತಿಯಲ್ಲಿ, ಎದುರಿಗೆ ವೆರಿಟಿ ಥರದ ಲೆಫ್ಟ್ ಆರ್ಮ್ ಸ್ಪಿನ್ನರ್ ಇರುವಾಗ, ಇಪ್ಪತ್ತು ವರ್ಷದ ಹುಡುಗ ಅಷ್ಟು ಹೊತ್ತು ತಲೆ ಕೆಡಿಸ್ಕೊಳ್ದೆ ಆಡೋದಿದ್ಯಲ್ಲ, ಅದು ಎಲ್ರಿಗೂ ಬರಲ್ಲ. ನಿಂಗೆ ಬರತ್ತೆ. ಅದನ್ನ ನಾನು ಯಾವತ್ತೂ ನಿನ್ನ ಮುಖದ ಮುಂದೆ ಹೇಳಿಲ್ಲ.

ಅಡಿಲೇಡ್ ಗೆದ್ದು 2-2 ಆಯ್ತು. ಐದನೇ ಟೆಸ್ಟು ಮೆಲ್ಬರ್ನಲ್ಲಿ, ಫೆಬ್ರವರಿ 26ಕ್ಕೆ ಶುರು, ಅವನ ಸ್ವಂತ ಊರಿನ ಗ್ರೌಂಡು. ಬ್ರಾಡ್ಮನ್ 169, ಮೆಕ್‌ಕೇಬ್ 112, ಬ್ಯಾಡ್‌ಕಾಕ್ 118, ಗ್ರೆಗರಿ 80. ಟೋಟಲ್ 604. ಇನಿಂಗ್ಸ್ ಮತ್ತು 200 ರನ್ನಿಂದ ಗೆದ್ದು ಸೀರೀಸ್ 3-2. ಎರಡು ಸೋತ ಮೇಲೆ ಉಳಿದ ಮೂರೂ ಗೆದ್ದು ಐದು ಟೆಸ್ಟಿನ ಸೀರೀಸ್ ತಗೊಂಡಿದ್ದು ಬೇರೆ ಯಾವ ಟೀಮೂ ಇಲ್ಲ. ಆ ಟೆಸ್ಟ್ ನಡೀತಿರುವಾಗ್ಲೇ ಗ್ರೆಗರಿಗೆ 21 ತುಂಬ್ತು.

ಈಗ ಆ 80ರ ಮುಂದೆ ಸ್ಕೋರ್ ಕಾರ್ಡಲ್ಲಿ ಏನಿದೆ ಅಂತ ಓದು.

ಗ್ರೆಗರಿ, ಕ್ಯಾಚ್ ವೆರಿಟಿ, ಬೌಲ್ಡ್ ಫಾರ್ನ್ಸ್, 80.

ನೀನು ಎದ್ದು ಹೋಗೋ ಹೊತ್ತಿಗೆ ನಾನು ಹೇಳ್ಬೇಕು ಅಂತಿದ್ದಿದ್ದು ಈ ಸಾಲು. ಇದು ಅವನ ಕೊನೇ ಟೆಸ್ಟ್ ಇನಿಂಗ್ಸು. ಬೌಲ್ ಮಾಡಿದ್ದು ಕೆನ್ ಫಾರ್ನ್ಸ್, ಎಸೆಕ್ಸ್‌ನ ಫಾಸ್ಟ್ ಬೌಲರ್, ತುಂಬಾ ಎತ್ತರದ ಮನುಷ್ಯ, ಸ್ಕೂಲ್ ಮೇಷ್ಟ್ರು. ಆ ಇನಿಂಗ್ಸಲ್ಲಿ 6 ವಿಕೆಟ್ ತಗೊಂಡ್ರು. ಯುದ್ಧ ಬಂದಾಗ ಅವ್ರು ಬ್ರಿಟನ್ನಿನ ಏರ್‌ಫೋರ್ಸ್, ಅಂದ್ರೆ ಆರ್‌ಎಎಫ್ ಸೇರಿ ಪೈಲಟ್ ಆದ್ರು, 1941 ಅಕ್ಟೋಬರ್ 20ನೇ ತಾರೀಖು ರಾತ್ರಿ ಫ್ಲೈಯಿಂಗ್ ಟ್ರೈನಿಂಗಲ್ಲಿ ಇಂಗ್ಲೆಂಡಲ್ಲೇ ವಿಮಾನ ಬಿದ್ದು ಹೋದ್ರು. 30 ವರ್ಷ. ಕ್ಯಾಚ್ ಹಿಡಿದಿದ್ದು ಹೆಡ್ಲಿ ವೆರಿಟಿ. 1932ರಲ್ಲಿ ಲೀಡ್ಸಲ್ಲಿ ನಾಟಿಂಗ್‌ಹ್ಯಾಮ್‌ಶೈರ್ ಮೇಲೆ 10 ರನ್ನಿಗೆ 10 ವಿಕೆಟ್ ತಗೊಂಡೋರು, 1934ರಲ್ಲಿ ನಮ್ಮ ಚೆಪಾಕಲ್ಲಿ ಇಂಡಿಯಾ ಮೇಲೆ ಒಂದೇ ಇನಿಂಗ್ಸಲ್ಲಿ 7 ತಗೊಂಡೋರು. ಆರ್ಮಿಯಲ್ಲಿ ಕ್ಯಾಪ್ಟನ್ ಆಗಿ ಸಿಸಿಲಿಯಲ್ಲಿ ಗಾಯ ಆಗಿ, ಜರ್ಮನ್ನರ ಕೈಗೆ ಸಿಕ್ಕಿ, 1943 ಜುಲೈ 31ಕ್ಕೆ ಇಟಲಿಯ ಕಸೆರ್ಟಾದಲ್ಲಿ ತೀರ್ಕೊಂಡ್ರು. 38 ವರ್ಷ. ಔಟಾಗಿ ಪೆವಿಲಿಯನ್‌ಗೆ ನಡ್ಕೊಂಡು ಹೋದ ಗ್ರೆಗರಿ 1942 ಜೂನ್ 10ಕ್ಕೆ. 26 ವರ್ಷ.

ಒಂದೇ ಸಾಲಲ್ಲಿ ಮೂರು ಹೆಸ್ರು. ಆ ಮೂರೂ ಜನ ಅವತ್ತು ಒಂದೇ ಗ್ರೌಂಡಲ್ಲಿ ಬಿಸಿಲಲ್ಲಿ ನಿಂತಿದ್ರು, ಇನ್ನು ಏಳು ವರ್ಷ ಕಳೆಯೋದ್ರೊಳಗೆ ಮೂರೂ ಜನ ಇಲ್ಲ. ನಾನು ಈ ಸಾಲನ್ನ ಮೊದ್ಲು ನೋಡಿದ್ದು ನೀನು ಇನ್ನೂ ಪ್ಲಾಸ್ಟಿಕ್ ಬ್ಯಾಟಲ್ಲಿ ಆಡ್ತಿದ್ದ ಕಾಲದಲ್ಲಿ, ಆಗ ಅಯ್ಯೋ ಪಾಪ ಅಂತ ಅನ್ಸಿತ್ತು, ಅಷ್ಟೇ. ನಿಂಗೆ ಪೈಲಟ್ ಬ್ಯಾಡ್ಜು, ಆ ವಿಂಗ್ಸ್ ಹಾಕಿದ ದಿನ ಪರೇಡಲ್ಲಿ ಕೂತಿದ್ದಾಗ ಮತ್ತೆ ನೆನಪಾಯ್ತು. ಯಾಕೆ ಅಂತ ಕೇಳ್ಬೇಡ. ಎದೆ ತುಂಬ್ಕೊಂಡಿತ್ತು, ಅಮ್ಮ ಅಳ್ತಿದ್ಲು, ನಾನು ಚಪ್ಪಾಳೆ ಹೊಡೀತಾ ಹೊಡೀತಾ ಕ್ಯಾಚ್ ವೆರಿಟಿ ಬೌಲ್ಡ್ ಫಾರ್ನ್ಸ್ ಅನ್ಕೋತಿದ್ದೆ.

ಸರಿ, ಮುಂದಕ್ಕೆ. ಅಷ್ಟು ಚೆನ್ನಾಗಿ ಆಡಿದ್ರೂ 1938ರ ಇಂಗ್ಲೆಂಡ್ ಟೂರಿಗೆ ಗ್ರೆಗರಿನ ತಗೊಳ್ಲಿಲ್ಲ. 51 ಆವರೇಜ್ ಇಟ್ಕೊಂಡು ಮನೇಲಿ ಕೂತ್ಕೊಂಡ. ಸೆಲೆಕ್ಷನ್ ಆಗ್ದಿದ್ದಾಗ ಏನಾಗತ್ತೆ ಅಂತ ನಮ್ಮನೇಲಿ ಯಾರಿಗೂ ಹೇಳ್ಕೊಡ್ಬೇಕಾಗಿಲ್ಲ. ಆಮೇಲೆ ಯುದ್ಧ ಶುರುವಾಯ್ತು, ಆಸ್ಟ್ರೇಲಿಯಾದ ಏರ್‌ಫೋರ್ಸ್ ಸೇರ್ದ, ಅಬ್ಸರ್ವರ್ ಆದ. ಆಗಿನ ಕಾಲದಲ್ಲಿ ನ್ಯಾವಿಗೇಟರ್ ಕೆಲಸ ಮಾಡ್ತಿದ್ದೋನು ಅಬ್ಸರ್ವರ್ರೇ. ದಾರಿ ಲೆಕ್ಕ ಹಾಕೋದೂ ಅವನೇ, ಟಾರ್ಗೆಟ್ ಹತ್ರ ಬಂದಾಗ ಮುಂದೆ ಹೋಗಿ ಮಲಗಿ ಬಾಂಬ್ ಬಿಡೋದೂ ಅವನೇ. 1942ರಲ್ಲಿ ಆ ಎರಡು ಕೆಲಸನ ಬೇರೆ ಬೇರೆ ಮಾಡಿದ್ರು. ಗೊತ್ತಾ, ಬ್ರಾಡ್ಮನ್ ಕೂಡ 1940ರಲ್ಲಿ ಏರ್‌ಫೋರ್ಸಿಗೆ ಹೆಸರು ಕೊಟ್ಟಾಗ ಅವರನ್ನ ತಗೊಂಡಿದ್ದು ಇದೇ ಏರ್‌ಕ್ರೂ ಕೆಲಸಕ್ಕೆ. ಅದೇ ವರ್ಷ ಅವ್ರನ್ನ ಆರ್ಮಿಗೆ ಕಳಿಸಿದ್ರು, ಆರೋಗ್ಯ ಕೆಟ್ಟು 1941ರಲ್ಲಿ ಬಿಡುಗಡೆ ಆದ್ರು, ಆಮೇಲೆ 1948ರವರೆಗೂ ಟೆಸ್ಟ್ ಆಡಿದ್ರು. ಅಡಿಲೇಡಲ್ಲಿ 135 ಸೇರಿಸಿದ ಜೋಡಿಯಲ್ಲಿ ಒಬ್ರಿಗೆ ಹಂಗಾಯ್ತು, ಇನ್ನೊಬ್ಬನಿಗೆ ಹಿಂಗಾಯ್ತು.

ಗ್ರೆಗರಿ ಇಂಗ್ಲೆಂಡ್‌ಗೆ ಹೋಗಿ ಆರ್‌ಎಎಫ್‌ನ 215 ಸ್ಕ್ವಾಡ್ರನ್ ಜೊತೆ 1942ರಲ್ಲಿ ಇಂಡಿಯಾ ಕಡೆ ಬಂದ, ವೆಲ್ಲಿಂಗ್ಟನ್ ಬಾಂಬರ್‌ನಲ್ಲಿ. ಡೈರಿ ಬರೀತಿದ್ದ, ಅದು ಉಳ್ಕೊಂಡಿದೆ. ಆಗ ಬರ್ಮಾದಲ್ಲಿ ಬ್ರಿಟಿಷರು ಹಿಂದೆ ಹಿಂದೆ ಬರ್ತಿದ್ರು, ಮಾರ್ಚಲ್ಲಿ ರಂಗೂನ್ ಹೋಯ್ತು, ಮೇ ಹೊತ್ತಿಗೆ ಜಪಾನಿನವ್ರು ನಮ್ಮ ಗಡಿ ಹತ್ರ. ಜೂನ್ 10ಕ್ಕೆ ಅವನ ವಿಮಾನ ಬಿತ್ತು, ಗಫರ್‌ಗಾಂವ್ ಹತ್ರ. ಕ್ರಿಕೆಟ್ ದಾಖಲೆಗಳಲ್ಲಿ ಅಸ್ಸಾಂ ಅಂತಿರತ್ತೆ, ಆದ್ರೆ ಆ ಊರಿರೋದು ಮೈಮನ್‌ಸಿಂಗ್ ಕಡೆ, ಈಗ ಬಾಂಗ್ಲಾದೇಶ. ನಾನು ಮ್ಯಾಪ್ ತೆಗ್ದು ಅಲ್ಲಿಂದ ಜೋರ್ಹಾಟ್‌ಗೆ ಎಷ್ಟು ದೂರ ಅಂತ ನೋಡ್ದೆ. ನೇರ ಗೆರೆ ಎಳೆದ್ರೆ ಸುಮಾರು 450 ಕಿಲೋಮೀಟರು. ಅದೇ ಬ್ರಹ್ಮಪುತ್ರ, ಅದೇ ಜೂನು.

ಇದನ್ನ ಬರೀಬಾರ್ದು ಅನ್ಕೊಂಡಿದ್ದೆ.

ನಾನು ಎಚ್‌ಎಎಲ್‌ನಲ್ಲಿ ಓವರ್‌ಹಾಲ್ ಹ್ಯಾಂಗರಲ್ಲಿ ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಕ್ಯಾನ್‌ಬೆರಾ ಬಾಂಬರ್ ಬರ್ತಿತ್ತು ಅಂತ ಹೇಳಿದೀನಲ್ಲ. ಆದ್ರೆ ನ್ಯಾವಿಗೇಟರ್ ಜಾಗದ ಬಗ್ಗೆ ನಿಂಗೆ ಹೇಳಿಲ್ಲ. ಅದರಲ್ಲಿ ಕೆಳಗೆ ಹಾರಿ ದಾಳಿ ಮಾಡೋ ಇಂಟರ್‌ಡಿಕ್ಟರ್ ಮಾಡೆಲ್ ಇತ್ತು, ಬಿ(ಐ)58. ಪೈಲಟ್ ಮೇಲೆ ಗಾಜಿನ ಗುಮ್ಮಟದೊಳಗೆ ಕೂತ್ಕೊಳ್ತಾನೆ, ಸುತ್ತ ಆಕಾಶ ಕಾಣತ್ತೆ, ಎಜೆಕ್ಷನ್ ಸೀಟಿದೆ. ನ್ಯಾವಿಗೇಟರ್ ಕೆಳಗೆ ಮೂಗಿನೊಳಗೆ, ಒಂದು ಸಣ್ಣ ಚಾರ್ಟ್ ಟೇಬಲ್ಲು, ಒಂದು ಲೈಟು, ಟಾರ್ಗೆಟ್ ಬಂದಾಗ ಅಲ್ಲಿಂದ ಜರುಗಿ ಮುಂದಕ್ಕೆ ಬೋರಲು ಮಲಗ್ಬೇಕು. ಅವನಿಗೆ ಎಜೆಕ್ಷನ್ ಸೀಟಿಲ್ಲ. ಏನಾದ್ರೂ ಆದ್ರೆ ಪ್ಯಾರಾಚೂಟ್ ಹಾಕ್ಕೊಂಡು ಪಕ್ಕದ ಬಾಗಿಲು ತೆಗ್ದು ಹಾರ್ಬೇಕು, ಅದೂ ವಿಮಾನ ನೆಟ್ಟಗಿದ್ರೆ. ಒಂದ್ಸಲ ಒಂದು ಏರ್‌ಕ್ರಾಫ್ಟಲ್ಲಿ ಆ ಟೇಬಲ್ ಬಿಚ್ಚಿ ಪ್ಯಾನಲ್ ತೆಗೆದಾಗ ಒಳಗೆ ಒಂದು ತುಂಡು ಪೆನ್ಸಿಲ್ ಸಿಕ್ತು. ಹೆಬ್ಬೆಟ್ಟಿನಷ್ಟುದ್ದ. ತುದಿ ಚೂಪಾಗಿ ಕೆತ್ತಿತ್ತು, ಹಿಂದೆ ಹಲ್ಲಿನ ಗುರುತು, ಕಚ್ಚಿ ಕಚ್ಚಿ ಬಣ್ಣ ಹೋಗಿತ್ತು. ಲೂಸ್ ಆರ್ಟಿಕಲ್ ಅಂತ ರಿಜಿಸ್ಟರಲ್ಲಿ ಬರ್ದು ಸೂಪರ್‌ವೈಸರ್ ಕೈಗೆ ಕೊಟ್ಟೆ. ಆದ್ರೆ ಆ ಹಲ್ಲಿನ ಗುರುತು ಮಾತ್ರ ನನ್ನ ತಲೆಯಿಂದ ಹೋಗ್ಲಿಲ್ಲ. ಕತ್ತಲಲ್ಲಿ ಅಲ್ಲಿ ಕೂತು, ಹೊರಗಡೆ ಏನೂ ಕಾಣ್ದೆ, ಈಗ ಎಲ್ಲಿದೀವಿ ಅಂತ ಪೆನ್ಸಿಲ್ ಕಚ್ಕೊಂಡು ಲೆಕ್ಕ ಹಾಕ್ತಿದ್ದ ಯಾರೋ ಒಬ್ಬ ಹುಡುಗ.

ಗ್ರೆಗರಿ ಅಂದ್ರೆ ನಂಗೆ ಹಂಗೇ ಕಾಣೋದು. ವೆಲ್ಲಿಂಗ್ಟನ್‌ನಲ್ಲಿ ಪೈಲಟ್ ಮುಂದೆ, ಅವನ ಹಿಂದೆ ವೈರ್‌ಲೆಸ್ಸಿನವನು, ಅವನ ಹಿಂದೆ ನ್ಯಾವಿಗೇಟರ್ ಟೇಬಲ್ಲು. ಆ ವಿಮಾನದ ಮೈಗೆ ತಗಡಿಲ್ಲ, ಬಲೆ ಹೆಣೆದಂಗೆ ಲೋಹದ ಪಟ್ಟಿ, ಅದರ ಮೇಲೆ ಬಟ್ಟೆ ಎಳೆದು ಡೋಪ್ ಅನ್ನೋ ಬಿಗಿ ಮಾಡೋ ವಾರ್ನಿಶ್ ಬಳಿದಿರೋದು. ಒಳಗೆ ಇಂಜಿನ್ ಸದ್ದಲ್ಲಿ ಪಕ್ಕದವನು ಕೂಗಿದ್ರೂ ಕೇಳಲ್ಲ. ಅವನ ಹತ್ರ ಇದ್ದಿದ್ದು ಏನು? ಕಂಪಾಸ್ ಹೇಳೋ ದಿಕ್ಕು, ಏರ್‌ಸ್ಪೀಡು, ಗಡಿಯಾರ, ಗಾಳಿ ಇಷ್ಟಿರಬಹುದು ಅನ್ನೋ ಒಂದು ಅಂದಾಜು. ನೆಲ ಕಂಡ್ರೆ ಡ್ರಿಫ್ಟ್, ಅಂದ್ರೆ ಗಾಳಿ ಎಷ್ಟು ಪಕ್ಕಕ್ಕೆ ತಳ್ತಿದೆ ಅಂತ ಅಳೀಬಹುದು, ನಕ್ಷತ್ರ ಕಂಡ್ರೆ ಕೋನ ಅಳೆಯೋ ಸೆಕ್ಸ್‌ಟೆಂಟ್ ಹಿಡಿದು ಲೆಕ್ಕ ಹಾಕಬಹುದು. ಮಳೆಗಾಲದಲ್ಲಿ ಆ ಕಡೆ ಕೆಳಗೂ ಮೋಡ ಮೇಲೂ ಮೋಡ, ಎರಡೂ ಕಾಣಲ್ಲ. ಉಳಿಯೋದು ಪೆನ್ಸಿಲು, ಗಡಿಯಾರ. ಇಂಗ್ಲೆಂಡಲ್ಲೇ, ಯೂರೋಪಿನ ಮೇಲೇ, ಎಷ್ಟು ಕಷ್ಟ ಇತ್ತು ಅಂದ್ರೆ 1941 ಆಗಸ್ಟಲ್ಲಿ ಆರ್‌ಎಎಫ್ ಬಾಂಬಿಂಗ್ ಎಷ್ಟು ಗುರಿ ಮುಟ್ತಿದೆ ಅಂತ ಪರೀಕ್ಷೆ ಮಾಡಿದ ಬಟ್ ರಿಪೋರ್ಟ್ ಬಂತಲ್ಲ, ಬಾಂಬರ್‌ಗಳು ತೆಗೆದ ಫೋಟೋಗಳನ್ನೆಲ್ಲ ಕೂತು ನೋಡಿದ್ರು, ಟಾರ್ಗೆಟ್ ಹೊಡೆದ್ವಿ ಅಂತ ಹೇಳ್ಕೊಂಡು ಬಂದ ವಿಮಾನಗಳಲ್ಲಿ ಮೂರರಲ್ಲಿ ಒಂದು ಮಾತ್ರ ಟಾರ್ಗೆಟ್‌ನ 8 ಕಿಲೋಮೀಟರ್ ಒಳಗೆ ಹೋಗಿತ್ತು. ಜರ್ಮನಿಯ ಕಾರ್ಖಾನೆ ಸೀಮೆ ರೂರ್ ಕಡೆ ಹತ್ತರಲ್ಲಿ ಒಂದು. ಆ ಹುಡುಗರು ಸುಳ್ಳು ಹೇಳ್ತಿರ್ಲಿಲ್ಲ ಪುಟ್ಟಿ. ಅಲ್ಲೇ ಇದೀವಿ ಅಂತ ಅವರಿಗೆ ಖಾತ್ರಿ ಇತ್ತು. ನಂಗೆ ನಿಜವಾಗ್ಲೂ ಭಯ ಆಗೋದು ಆ ಖಾತ್ರಿ ಕಂಡ್ರೆ.

ಒನ್ ಇನ್ ಸಿಕ್ಸ್ಟಿ ರೂಲ್ ನಿಂಗೆ ನಾನು ಹೇಳ್ಕೊಡ್ಬೇಕಾಗಿಲ್ಲ. ಆದ್ರೂ ಹೇಳ್ತೀನಿ. ಒಂದು ಡಿಗ್ರಿ ತಪ್ಪಿದ್ರೆ 60 ಕಿಲೋಮೀಟರಿಗೆ ಒಂದು ಕಿಲೋಮೀಟರು ಪಕ್ಕಕ್ಕೆ. ಗಾಳಿ ಲೆಕ್ಕದಲ್ಲಿ ಐದು ಡಿಗ್ರಿ ತಪ್ತು ಅನ್ಕೋ, ಆ 450 ಕಿಲೋಮೀಟರ್ ಹೋಗೋ ಹೊತ್ತಿಗೆ 37 ಕಿಲೋಮೀಟರ್ ಆಚೆ ಇರ್ತೀಯ. ಬಯಲು ಸೀಮೆ ಮೇಲಾದ್ರೆ ಬೇರೆ ಊರು ಕಾಣತ್ತೆ, ಸರಿ ಮಾಡ್ಕೋತೀಯ. ನೀನಿರೋ ಜಾಗದಲ್ಲಿ 37 ಕಿಲೋಮೀಟರ್ ಅಂದ್ರೆ ಬೇರೆ ಕಣಿವೆ. ಈಗ ಜಿಪಿಎಸ್ ಇದೆ ಅಪ್ಪ, ಇದು 1942 ಅಲ್ಲ ಅಂತೀಯ. ಗೊತ್ತು. ಜಿಪಿಎಸ್ ನೀನೆಲ್ಲಿದೀಯ ಅಂತ ಹೇಳತ್ತೆ. ಮೋಡದ ಹಿಂದೆ ಗುಡ್ಡ ಎಷ್ಟು ಹತ್ರ ಇದೆ, ಈ ಕಣಿವೆಯಲ್ಲಿ ತಿರುಗೋಕೆ ಜಾಗ ಉಳಿದಿದ್ಯಾ ಅನ್ನೋ ತೀರ್ಮಾನ ಕಾಕ್‌ಪಿಟ್ಟಲ್ಲಿರೋರೇ ತಗೋಬೇಕು. 2019 ಜೂನ್ 3ಕ್ಕೆ ಜೋರ್ಹಾಟಿಂದ ಅರುಣಾಚಲದ ಮೆಚುಕಾಗೆ ಹೊರಟ ಏರ್‌ಫೋರ್ಸಿನ ಸಾಗಣೆ ವಿಮಾನ ಎಎನ್-32ರಲ್ಲಿ 13 ಜನ ಇದ್ರು. ಎಂಟು ದಿನ ಹುಡುಕಿದ್ರು. ಆಗ ನಾನು ಟಿವಿ ಮುಂದಿಂದ ಏಳ್ತಿರ್ಲಿಲ್ಲ, ನಮ್ಮನೇಲಿ ಆಗ ಯಾರೂ ಏರ್‌ಫೋರ್ಸಲ್ಲಿ ಇರ್ಲಿಲ್ಲ, ಆದ್ರೂ. ಯುದ್ಧದ ಕಾಲದಲ್ಲಿ ಇದೇ ಜೋರ್ಹಾಟ್, ಚಬುವಾ, ದಿಂಜಾನ್ ಕಡೆಯಿಂದ ಚೀನಾಗೆ ಸಾಮಾನು ಹೊತ್ಕೊಂಡು ಹೋಗ್ತಿದ್ದ ನೂರಾರು ವಿಮಾನ ಆ ಗುಡ್ಡಗಳಲ್ಲಿ ಬಿದ್ವು. ಇವತ್ತಿಗೂ ಕಾಡೊಳಗೆ ಅವುಗಳ ಅವಶೇಷ ಸಿಗ್ತಾ ಇರತ್ತೆ.

ನೋಡು, ಮತ್ತೆ ಅಲ್ಲಿಗೇ ಬಂದೆ. ಹೇಳ್ಬೇಕಾಗಿರೋದು ಬೇರೆ.

ನಿನ್ನ ಎಎನ್-32ರಲ್ಲಿ ಎಡಗಡೆ ಹೊರಕ್ಕೆ ಉಬ್ಬಿರೋ ಒಂದು ಕಿಟಕಿ ಇದ್ಯಲ್ಲ, ನ್ಯಾವಿಗೇಟರ್ ಕೂತ್ಕೊಳೋ ಕಡೆ, ಅದರಲ್ಲಿ ತಲೆ ಹಾಕಿದ್ರೆ ಮುಂದಕ್ಕೂ ಕೆಳಕ್ಕೂ ಕಾಣತ್ತೆ. ಅಲ್ಲಿ ಕೂತಿರೋ ಮನುಷ್ಯ ನಿನಗಿಂತ ಸೀನಿಯರ್ ಇರಬಹುದು, ಜೂನಿಯರ್ ಇರಬಹುದು. ಅವ್ನು ಒಂದು ಮಾತು ಹೇಳಿದ್ರೆ ಕೇಳು. ಸ್ಟಿಕ್ ಹಿಡಿದೋರಿಗೆ ವಿಮಾನ ತಮ್ಮ ಕೈಯಲ್ಲಿದೆ ಅನ್ನೋ ಧೈರ್ಯ ಬಂದ್ಬಿಡತ್ತೆ, ನೀನು ಬೇರೆ ಕ್ರಿಕೆಟ್ ಆಡಿ ಬಂದೋಳು, ಸೋಲು ಒಪ್ಪಲ್ಲ, ಲಾಸ್ಟ್ ಓವರ್ ತನಕ ನಿಂತು ಮ್ಯಾಚ್ ಮುಗಿಸ್ಬೇಕು ಅನ್ನೋ ಹಟ ನಿನ್ನ ರಕ್ತದಲ್ಲಿದೆ. ಆ ಹಟ ನಂಗೆ ತುಂಬಾ ಇಷ್ಟ. ಅದನ್ನ ಬೆಳೆಸಿದ್ದೇ ನಾನು, ಔಟಾಗಿ ಬಂದ್ರೆ ಮುಖ ಕೊಟ್ಟು ಮಾತಾಡ್ತಿರ್ಲಿಲ್ಲ. ಆದ್ರೆ ಮೆಚುಕಾ ಕಣಿವೆ ಬಾಯಲ್ಲಿ ಮೋಡ ಇಳಿದಿದ್ರೆ ತಿರುಗಿಸ್ಕೊಂಡು ಬಾ. ಅಲ್ಲಿ ಕೆಳಗೆ ರೇಷನ್‌ಗೆ ಕಾಯ್ತಿರೋರು ಇನ್ನೊಂದು ದಿನ ಕಾಯ್ತಾರೆ. ಕಮಾಂಡಿಂಗ್ ಆಫೀಸರ್ ಏನನ್ಕೋತಾರೆ, ಕೋರ್ಸ್‌ಮೇಟ್ಸ್ ಏನನ್ಕೋತಾರೆ, ಹುಡುಗಿ ಅಂತ ಹೆದರಿದ್ಲು ಅಂತಾರಾ, ಇದ್ಯಾವ್ದೂ ತಲೆಗೆ ಹಾಕ್ಕೋಬೇಡ. ಹಂಗೆ ಅನ್ನೋರು ಯಾರಾದ್ರೂ ಇದ್ರೆ ಅವ್ರ ಬಾಯಿಗೆ ಬೀಗ ಹಾಕೋಕಾಗಲ್ಲ, ಅವ್ರ ಮಾತಿಗೆ ಬೆಲೆ ಕೊಟ್ಟು ಗುಡ್ಡದ ಕಡೆ ಹೋಗೋದೂ ಬೇಕಿಲ್ಲ. ನಿದ್ದೆ ಸರಿಯಾಗಿ ಮಾಡು. ನಿದ್ದೆ ಇಲ್ದೆ ಬ್ಯಾಟ್ ಮಾಡಿದ್ದ ದಿನ ಫುಟ್‌ವರ್ಕ್ ಹೆಂಗಿರ್ತಿತ್ತು ಅಂತ ನಿಂಗೇ ಗೊತ್ತು. ಬ್ರೀಫಿಂಗಲ್ಲಿ ಅರ್ಥ ಆಗ್ದಿದ್ರೆ ಕೇಳು, ಕೇಳಿದ್ರೆ ದಡ್ಡಿ ಅನ್ಕೋತಾರೆ ಅಂತ ಸುಮ್ನಿರೋ ಅಭ್ಯಾಸ ನಿಂಗೆ ಐದನೇ ಕ್ಲಾಸಿಂದ ಇದೆ. ಗ್ರೌಂಡ್ ಕ್ರೂ ಜೊತೆ ಚೆನ್ನಾಗಿರು, ಹೆಸ್ರು ಹಿಡಿದು ಮಾತಾಡ್ಸು. ನಾನು ಜೀವನ ಪೂರ್ತಿ ಆ ಕಡೆ ನಿಂತು ಕೆಲಸ ಮಾಡ್ದೋನು, ಪೈಲಟ್ ಬಂದು ಎರಡು ಮಾತು ಕೇಳಿದ್ರೆ ನಾವು ಆ ವಿಮಾನಾನ ಇನ್ನೊಂದ್ಸಲ ನೋಡ್ತಿದ್ವಿ. ಸೈನ್ ಮಾಡೋ ಮುಂಚೆ ಓದಿ ಸೈನ್ ಮಾಡು.

ಲೆಕ್ಚರ್ ಆಯ್ತು ಅಂತೀಯ. ಆಗ್ಲಿ, ಇದಷ್ಟು ನಂಗೆ ಹೇಳ್ದೆ ಇರೋಕಾಗಲ್ಲ.

ಈ ಕಥೆ ಬರೀ ಸಾವಿನದ್ದಲ್ಲ ಅಂತ ಮೊದಲ್ನೇಲೇ ಹೇಳಿದ್ದೆನಲ್ಲ, ಅದಕ್ಕೆ ಬರ್ತೀನಿ. ಎರಡನೇ ಮಹಾಯುದ್ಧದಲ್ಲಿ ಪ್ರಾಣ ಕೊಟ್ಟ ಆಸ್ಟ್ರೇಲಿಯಾದ ಟೆಸ್ಟ್ ಆಟಗಾರ ಅಂದ್ರೆ ಗ್ರೆಗರಿ ಒಬ್ನೇ, ಮೊದಲ್ನೇ ಯುದ್ಧದಲ್ಲಿ ಟಿಬ್ಬಿ ಕಾಟರ್ ಹೋದಂಗೆ. ಅದಕ್ಕೇ ಅವನ ಬಗ್ಗೆ ಬರೆಯೋರೆಲ್ಲ ಬದುಕಿದ್ದಿದ್ರೆ ಎಷ್ಟು ರನ್ ಹೊಡೀತಿದ್ನೋ ಅಂತ ಬರೀತಾರೆ. ನಾನೂ ಬಹಳ ವರ್ಷ ಹಂಗೇ ಯೋಚ್ನೆ ಮಾಡ್ತಿದ್ದೆ. ಯುದ್ಧ ಮುಗಿಯೋ ಹೊತ್ತಿಗೆ ಅವನಿಗೆ 29, ಬ್ಯಾಟ್ಸ್‌ಮನ್‌ಗೆ ಒಳ್ಳೇ ವಯಸ್ಸು. 1948ರಲ್ಲಿ ಬ್ರಾಡ್ಮನ್ ಟೀಮು ಇಂಗ್ಲೆಂಡಲ್ಲಿ ಒಂದೂ ಮ್ಯಾಚ್ ಸೋಲ್ದೆ ಬಂತಲ್ಲ, ಅದರಲ್ಲಿ ಇರ್ತಿದ್ನೇನೋ. ನಿನ್ನ ವಿಷ್ಯದಲ್ಲೂ ನಾನು ಇದೇ ಲೆಕ್ಕ ಹಾಕ್ತಿದ್ದೆ, ಬಿಟ್ಟಿಲ್ದಿದ್ರೆ ಸ್ಟೇಟ್ ಸೀನಿಯರ್ ಟೀಮು, ಆಮೇಲೆ ಡಬ್ಲ್ಯೂಪಿಎಲ್, ಆಮೇಲೆ ಅಂತ. ಈಗ ಅನ್ಸೋದು ಏನಂದ್ರೆ, ಆ ಲೆಕ್ಕದಲ್ಲಿ ಆ ಹುಡುಗ ಮಾಡಿದ ಕೆಲಸನೇ ಕಾಣಲ್ಲ. ಅವನು ಅಬ್ಸರ್ವರ್ ಆಗೋಕೆ ಕೂತು ಗಣಿತ ಕಲಿತ, ನಕ್ಷತ್ರಗಳ ಹೆಸ್ರು ಕಲಿತ, ಗಾಳಿ ಲೆಕ್ಕ ಕಲಿತ, ಪರೀಕ್ಷೆ ಪಾಸ್ ಮಾಡ್ದ. ಇಂಗ್ಲೆಂಡಿಂದ ಇಂಡಿಯಾ ತನಕ ಒಂದು ಬಟ್ಟೆ ಹೊದಿಸಿದ ವಿಮಾನಕ್ಕೆ ದಾರಿ ಹೇಳೋ ಕೆಲಸ ಹಗುರದ್ದಲ್ಲ. ಜೊತೇಲಿದ್ದೋರ ಜೀವ ಎಲ್ಲ ಅವನ ಪೆನ್ಸಿಲ್ ತುದೀಲಿತ್ತು. ಬ್ರಾಡ್ಮನ್ ಜೊತೆ 135 ಸೇರಿಸಿದ್ದಕ್ಕಿಂತ ಇದು ಚಿಕ್ಕದು ಅಂತ ಯಾವನು ಹೇಳ್ತಾನೆ? ನಾನಂತೂ ಹೇಳಲ್ಲ. ನೀನು ಬ್ಯಾಟ್ ಕೆಳಗಿಟ್ಟು ಸ್ಟಿಕ್ ಹಿಡಿದಿದ್ದೂ ಹಂಗೇ. ಅಂಡರ್-19 ಫೋಟೋ ಹಾಲಲ್ಲಿದೆ, ಅದರ ಪಕ್ಕ ನಿನ್ನ ಯೂನಿಫಾರ್ಮ್ ಫೋಟೋ ಹಾಕ್ಬೇಕು ಅಂತ ಅಮ್ಮ ಹೇಳ್ತಾನೇ ಇದ್ಲು, ನಿನ್ನೆ ಫ್ರೇಮ್ ಹಾಕ್ಸೋಕೆ ಕೊಟ್ಟು ಬಂದೆ. ದೊಡ್ಡ ಸೈಜು.

ಇನ್ನೊಂದು. ಅದೇ ಕ್ಯಾನ್‌ಬೆರಾ ಜಾತಿಯ ಒಂದು ವಿಮಾನ, ಫೋಟೋ ತೆಗೆಯೋ ಮಾಡೆಲ್ಲು, ಕಾರ್ಗಿಲ್ ಟೈಮಲ್ಲಿ 1999 ಮೇ 21ಕ್ಕೆ ಮಿಸೈಲ್ ಹೊಡೆಸ್ಕೊಂಡು ಒಂದು ಇಂಜಿನ್ ಹಾಳಾದ್ರೂ ವಾಪಸ್ ಬಂದು ಲ್ಯಾಂಡ್ ಆಯ್ತು, ಪೈಲಟ್ಟೂ ನ್ಯಾವಿಗೇಟರೂ ಇಬ್ರೂ ಸುರಕ್ಷಿತ. ಆ ಸುದ್ದಿ ಬಂದ ದಿನ ನಮ್ಮ ಹ್ಯಾಂಗರಲ್ಲಿ ಎಲ್ರೂ ಕೈ ಕುಲುಕಾಡಿದ್ವಿ, ಯಾರ್ಯಾರ ಕೈ ಆ ಮೈಮೇಲೆ ಆಡಿತ್ತೋ ಅವ್ರೆಲ್ಲ. ಬರೀ ಕೆಟ್ಟದ್ದೇ ನೆನಪಿಟ್ಕೊಳ್ತೀನಿ ಅಂತ ನೀನು ಹೇಳ್ತೀಯಲ್ಲ, ಇದೂ ನೆನಪಿದೆ.

ಆದ್ರೂ ರಾತ್ರಿ ಆ ಸ್ಕೋರ್ ಕಾರ್ಡಿನ ಸಾಲು ಬರತ್ತೆ. ಫಾರ್ನ್ಸ್ ಓಡಿ ಬಂದು ಹಾಕಿದ್ದು, ಗ್ರೆಗರಿ ಹೊಡೆದಿದ್ದು, ವೆರಿಟಿ ಕೈ ಚಾಚಿ ಹಿಡಿದಿದ್ದು. ಆ ಕ್ಷಣದಲ್ಲಿ ಅವನಿಗೆ ಎಷ್ಟು ಬೇಜಾರಾಗಿರತ್ತೆ ಹೇಳು, ಇನ್ನಿಪ್ಪತ್ತು ರನ್ ಹೊಡೆದಿದ್ರೆ ಸ್ವಂತ ಊರಲ್ಲಿ ಟೆಸ್ಟ್ ಸೆಂಚುರಿ. ಮುಂದಿನ ಸಲ ಹೊಡೀತೀನಿ ಅನ್ಕೊಂಡೇ ಹೋಗಿರ್ತಾನೆ. ಅವರಪ್ಪ ಅಮ್ಮನೂ ಹಂಗೇ ಸಮಾಧಾನ ಹೇಳಿರ್ತಾರೆ, ಯಾವ ಮನೇಲಾದ್ರೂ ಅದೇ ತಾನೆ ಹೇಳೋದು. ನಿಂಗೆ 80ಗೆ ಔಟಾದಾಗ ನಾನು ಹೇಳಿದ್ದೂ ಅದೇ. ಮಗು ಹೆತ್ತ ಮೇಲೆ ಈ ಥರದ್ದನ್ನೆಲ್ಲ ಬೇರೆ ರೀತಿ ಓದ್ತೀವಿ, ಏನ್ ಮಾಡೋದು.

ದಿನಾ ಫೋನ್ ಮಾಡು ಅಂತ ಕೇಳಲ್ಲ. ಫ್ಲೈಯಿಂಗ್ ಇದ್ದ ದಿನ ಇಳಿದ ಮೇಲೆ ಒಂದು ಮೆಸೇಜ್ ಹಾಕು, ನಂಗೆ ಹಾಕು, ಅಮ್ಮಂಗೆ ನಾನು ಹೇಳ್ತೀನಿ. ಏನೂ ಬರೀಬೇಕಾಗಿಲ್ಲ, ಒಂದು ಚುಕ್ಕೆ ಹಾಕಿದ್ರೂ ಸಾಕು. ನೆಟ್‌ವರ್ಕ್ ಇಲ್ಲ ಅಂದ್ರೆ ಸಿಕ್ಕಾಗ ಹಾಕು, ಅಲ್ಲೀತನಕ ನಾನು ಎದ್ದಿರ್ತೀನಿ, ಅದು ನನ್ನ ಕೆಲಸ, ಅದಕ್ಕೆ ನೀನು ಬೈಬೇಡ.

ಅಮ್ಮ ಚಟ್ನಿಪುಡಿ, ಹುಳಿಪುಡಿ ಕಟ್ತಿದಾಳೆ, ನಿಪ್ಪಟ್ಟು ದಾರೀಲಿ ಮುರಿಯತ್ತೆ ಅಂದ್ರೂ ಕೇಳ್ತಿಲ್ಲ. ಎಲ್ಲ ಒಂದೇ ಡಬ್ಬಿಲಿ ಕಳಿಸ್ತೀವಿ. ಸ್ಟೇಷನ್‌ನಲ್ಲಿ ನೆಟ್ಸ್ ಇದ್ಯಾ? ಇದ್ರೆ ಹೇಳು, ನಿನ್ನ ಬ್ಯಾಟಿನ ಗ್ರಿಪ್ ಕಿತ್ತೋಗಿದೆ, ಹೊಸದು ಹಾಕ್ಸಿ ಅದನ್ನೂ ಜೊತೆಗೇ ಕೊರಿಯರ್ ಮಾಡ್ತೀನಿ. ಪಿನ್‌ಕೋಡ್ ಸಮೇತ ಅಡ್ರೆಸ್ ಕಳಿಸು.

ಅಪ್ಪ